ಎರಡಾಗಬೇಕಿದ್ದ ಗಂಗಿ

ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಆದ್ದರಿಂದ ಮನೆಯ ಎಮ್ಮೆಯ ತಂಟೆಯನ್ನು ವಿಜ್ಞಾನದಿಂದಲೇ ಬಗೆಹರಿಸುವುದು ನನ್ನ ಕರ್ತವ್ಯ ಎಂದು ತಿಳಿದೆ. ಯಾರೂ ಕೇಳಿರಲಿಲ್ಲ!

ನಮ್ಮ ಅತ್ತೆ ತೀರಿಕೊಳ್ಳುವ ಮೊದಲು ತಮ್ಮ ಎಮ್ಮೆ ಗಂಗಿಯನ್ನು ನನ್ನ ಹೆಂಡತಿ ಶಾಂತಾಳಿಗೆ ಕೊಟ್ಟಿದ್ದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಅವಳ ತಮ್ಮ ಬಸಣ್ಣ, ರಾಣೆಬೆನ್ನೂರಿನ ನಮ್ಮ ಮನೆಗೆ ಬಂದು ಪಟ್ಟು ಹಿಡಿದು ಕೂತ.

"ಅಕ್ಕಾ, ಅವ್ವನ ಎಮ್ಮಿ ನನಗ ಬೇಕು."

"ಎಮ್ಮಿ ಕೊಡಂಗಿಲ್ಲ. ಬೇಕಾದ್ರ ನಿಮ್ಮ ಮಾಮಾನ್ನ ಕರ್ಕೊಂಡು ಹೋಗು!" ಎಂದಳು ಶಾಂತಾ.

ಬಸಣ್ಣ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. "ಎಮ್ಮೀನ ಬೇಕು" ಎಂದ.

ತದ್ರೂಪಿ ಕುರಿ, ತದ್ರೂಪಿ ಎಮ್ಮೆಕರುಗಳ ಸುದ್ದಿಯನ್ನು ನಾನು ಪೇಪರಿನಲ್ಲಿ ಓದಿದ್ದೆ. ಅರ್ಧ ಓದಿದ್ದೆ. "ಜಗಳ ಯಾಕ? ಗಂಗೀನ ಎರಡು ಮಾಡೋಣು! ಕಿವಿ ಚೂರು ಸಾಕು. ಅದರ ಕೋಶಕೇಂದ್ರ ತಗದು ಬ್ಯಾರೆ ಎಮ್ಮಿ ಅಂಡಾಣುವಿನ್ಯಾಗ ಇಟ್ರ, ಹುಟ್ಟೂದು ಗಂಗೀನ. ಅದ ಮೂಗು, ಅದ ಕೋಡು."

"ಅದ ಒದಿಕೀನೂ?" ಎಂದಳು ಶಾಂತಾ.

ಮಂಗಳವಾರ ಬೆಳಿಗ್ಗೆ ಅವಳು ಸಂತೆಗೆ ಹೋದದ್ದೇ ತಡ, ಹೊಲಿಗೆಯ ಕತ್ತರಿಯೊಂದಿಗೆ ಗಂಗಿಯನ್ನು ಸಮೀಪಿಸಿದೆ. ಚೂರು ಕೈಗೆ ಬಂತು, ಒಂದೇ ಒದೆತಕ್ಕೆ ನಾನು ಸೆಗಣಿಬುಟ್ಟಿಗೆ ಹೋಗಿ ಬಿದ್ದೆ. ಗಾಯ ಕೀವಾಗದಿರಲಿ ಎಂದು ಕಿವಿಗೆ ಧಾರಾಳವಾಗಿ ಅರಿಶಿನ ಮೆತ್ತಿ, ಚೂರನ್ನು ಐಸ್ ತುಂಬಿದ ಡಬ್ಬಿಯಲ್ಲಿಟ್ಟು, ಹಾವೇರಿ ಬಸ್ಸು ಹತ್ತಿದೆ.

ದನದ ಡಾಕ್ಟರು ಡಬ್ಬಿಯನ್ನೂ ನನ್ನನ್ನೂ ನೋಡಿದರು. "ಮಾಸ್ತರ, ಇದಕ್ಕ ದೊಡ್ಡ ಪ್ರಯೋಗಾಲಯ ಬೇಕು. ಅಂಡಾಣುವಿನ ಸ್ವಂತ ಕೋಶಕೇಂದ್ರ ಮೊದಲು ತಗೀಬೇಕು, ಇದನ್ನ ಕೂಡಿಸಿ ಕರೆಂಟ್ ಕೊಡಬೇಕು, ಮತ್ತೊಂದು ಎಮ್ಮಿ ಗರ್ಭದಾಗ ಬೆಳಸಬೇಕು. ಅಷ್ಟು ಮಾಡಿದ್ರೂ ಭಾಳಷ್ಟು ಉಳಿಯಂಗಿಲ್ಲ. ನನ್ನ ಹತ್ರ ಜಂತಿನ ಔಷಧ ಐತಿ. ಕೊಡ್ಲಿ?"

ಬರಿಗೈಲಿ ಹೋಗಬಾರದೆಂದು ಅದನ್ನೇ ತಂದೆ.

ಮನೆಯ ಮುಂದೆ ಜನ! ನಮ್ಮ ಕಡೆ ಕಿವಿ ಕತ್ತರಿಸಿ ಅರಿಶಿನ ಹಚ್ಚಿದ ದನ ಎಂದರೆ ಊರ ದೇವಿಗೆ ಬಿಟ್ಟದ್ದು. ಅದನ್ನು ಕಟ್ಟುವಂತಿಲ್ಲ, ಹಿಂಡುವಂತಿಲ್ಲ, ಹೊಡೆಯುವಂತಿಲ್ಲ. ಸಾಲದ್ದಕ್ಕೆ ಮಂಗಳವಾರ! ಪಕ್ಕದ ಮನೆಯ ನೀಲವ್ವ ಗಂಗಿಗೆ ಕುಂಕುಮವಿಟ್ಟು, ತಾನೇ ಹಗ್ಗ ಬಿಚ್ಚಿ ಕಳಿಸಿದ್ದಳು.

"ಎಂಥಾ ಭಕ್ತಿರಿ ಮಾಸ್ತರ! ಇಂಥಾ ಹಾಲಿನ ಎಮ್ಮಿ ಯಾರು ಬಿಡ್ತಾರ?"

"ನೀಲವ್ವಾರ, ಇದು ಕೋಶಕೇಂದ್ರದ ಸಲುವಾಗಿ..."

"ಯಾವ ದೇವ್ರಾದ್ರೇನ್ರಿ, ಭಕ್ತಿ ಮುಖ್ಯ!"

ಸಂತೆಯಿಂದ ಬಂದ ಶಾಂತಾ ಬರಿದಾದ ಗೂಟದ ಪಕ್ಕ ಕೂತುಬಿಟ್ಟಳು. "ಅವ್ವ ನನ್ನ ಕೈಗೆ ಕೊಟ್ಟ ಹಗ್ಗರೀ ಅದು" ಎಂದಳು. ನನಗೆ ನಿಜಕ್ಕೂ ಸಂಕಟವಾಯಿತು. ಆದರೆ ದೇವಿಗೆ ಬಿಟ್ಟದ್ದನ್ನು ಮತ್ತೆ ಕಟ್ಟುವ ಧೈರ್ಯ ಅವಳಿಗಿರಲಿಲ್ಲ. ವಿಜ್ಞಾನ ಮಾಸ್ತರನಿಗಂತೂ ಮೊದಲೇ ಇರಲಿಲ್ಲ!

ಈಗ ಗಂಗಿ ಸಂತೆಯಲ್ಲಿ ಬೇಕಾದವರ ಕೊತ್ತಂಬರಿ ತಿನ್ನುತ್ತಾಳೆ, ಅಂಗಡಿಯವರು ಕೈ ಮುಗಿಯುತ್ತಾರೆ. ನಾವು ಪಾಕೀಟಿನ ಹಾಲು ತರುತ್ತೇವೆ. ಜಂತಿನ ಔಷಧ ಕಪಾಟಿನಲ್ಲಿ ಹಾಗೇ ಇದೆ.

ಸುದ್ದಿ ಕೇಳಿ ಬಸಣ್ಣ ಓಡಿ ಬಂದ. ಅಕ್ಕ ತಮ್ಮ ಜಗಳ ಮರೆತು, ಒಬ್ಬರನ್ನೊಬ್ಬರು ಹಿಡಿದು ಅತ್ತರು. ನಂತರ ಇಬ್ಬರೂ ಸೇರಿ ನನ್ನನ್ನು ಬೈದರು.

"ತಮ್ಮಾ, ಈಗರೆ ನಿಮ್ಮ ಮಾಮಾನ್ನ ಕರ್ಕೊಂಡು ಹೋಗು" ಎಂದಳು ಶಾಂತಾ.

ಬಸಣ್ಣ ನನ್ನನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದ. ಈ ಸಲ ನನ್ನ ಎದುರು ಸ್ಪರ್ಧೆಗೆ ಎಮ್ಮೆಯೂ ಇರಲಿಲ್ಲ. ಆದರೂ ಒಲ್ಲೆ ಎಂದ!