ಸರ್ವಾನುಮತದಿಂದ ವಾಸಿಯಾದ ಭುಜ

ನೋಯುವ ಭುಜದೊಂದಿಗೆ ಯಾರೂ ಕೊಳಕ್ಕೆ ಇಳಿಯತಕ್ಕದ್ದಲ್ಲ. ಇದು ನಮ್ಮ ಈಜು ಅಕಾಡೆಮಿಯ ಮೊದಲನೆಯ ನಿಯಮ. ಕೊಳದ ಪಕ್ಕದ ಗೋಡೆಯ ಮೇಲೆ ಆಳೆತ್ತರದ ನೀಲಿ ಅಕ್ಷರಗಳಲ್ಲಿದೆ. ಅಂಗಾತ ಈಜುವವರಿಗೂ ಕಾಣಿಸುತ್ತದೆ. ಈ ನಿಯಮವನ್ನು ಅಕಾಡೆಮಿ ಎಂದೂ ಮುರಿದಿಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಭುಜ ನೋಯುತ್ತಿದೆಯೋ ಇಲ್ಲವೋ ಎಂದು ತೀರ್ಮಾನಿಸಬೇಕಾದವರು ಯಾರು ಎಂಬುದನ್ನು ಮಾತ್ರ ನಿಯಮ ಹೇಳಿರಲಿಲ್ಲ. ಆ ಕೊರತೆಯನ್ನು ಆಡಳಿತ ಸಮಿತಿ ತುಂಬಿಕೊಟ್ಟಿತು, ಅಷ್ಟೆ.

ಭುಜ ಮೂರನೇ ಲೇನಿನವಳದು. ಮೂರನೇ ಲೇನಿನಲ್ಲಿ ಅಭ್ಯಾಸ ಮಾಡುವ ಹುಡುಗಿಯನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಎರಡೂ ತೋಳು ಒಟ್ಟಿಗೆ ಬೀಸಿ ಈಜುವ ಬಟರ್‌ಫ್ಲೈಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದ್ದರಿಂದ ಬೆಳಿಗ್ಗೆ ಸಂಜೆ ಬಟರ್‌ಫ್ಲೈ ಬಿಟ್ಟು ಬೇರೇನನ್ನೂ ಮಾಡಿಸಲಿಲ್ಲ. ಎಡಭುಜ ಹೋಯಿತು. ಅಕಾಡೆಮಿಯ ಫಿಸಿಯೋ ಒತ್ತಿ, ತಿರುಗಿಸಿ, ಕೈ ಎತ್ತಿಸಿ ನೋಡಿದರು. ಕಿವಿಯ ಮಟ್ಟ ದಾಟಲಿಲ್ಲ. ಒಳಗೆ ಸ್ನಾಯು ಅರ್ಧ ಹರಿದಿದೆ, ಈಗ ಈಜು ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಕೂಡಿಕೊಳ್ಳುತ್ತದೆ, ಇನ್ನೊಂದು ಸ್ಪರ್ಧೆಗೆ ಇಳಿಸಿದರೆ ಅವಳು ಮತ್ತೆ ಈಜುವ ಮಾತೇ ಇಲ್ಲ ಎಂದರು. ರಿಲೇ ಸ್ಪರ್ಧೆ ಮುಂದಿನ ವಾರವಿತ್ತು.

ಸಮಿತಿ ತಕ್ಷಣ ಚಿಕಿತ್ಸೆ ಆರಂಭಿಸಿತು. ಫಿಸಿಯೋ ನೋವಿಗೆ ಹತ್ತಕ್ಕೆ ಎಂಟು ಅಂಕ ಕೊಟ್ಟಿದ್ದರು. ಹತ್ತೆಂಬ ಸಣ್ಣ ಸಂಖ್ಯೆ ಇಷ್ಟು ದೊಡ್ಡ ಸಂಸ್ಥೆಗೆ ಶೋಭಿಸದೆಂದು ಗರಿಷ್ಠ ಅಂಕವನ್ನು ನೂರಕ್ಕೆ ಏರಿಸಲಾಯಿತು. ಎಂಟು ಹಾಗೇ ಉಳಿಯಿತು. ನೂರಕ್ಕೆ ಎಂಟು ಬಂದರೆ ಫೇಲು. ‘ಮೂರನೇ ಲೇನಿನ ನೋವು ಅನುತ್ತೀರ್ಣವಾಗಿದೆ’ ಎಂಬ ಪ್ರಕಟಣೆ ನೋಟಿಸ್ ಬೋರ್ಡಿಗೆ ಬಿತ್ತು.

ಇಷ್ಟಾದರೂ ಸಮಿತಿ ಅವಳಿಗೆ ವಿಶ್ರಾಂತಿ ಮಂಜೂರು ಮಾಡಿತು. ವಿಶ್ರಾಂತಿಯೆಂದರೆ ಸುಮ್ಮನೆ ಬಿದ್ದುಕೊಳ್ಳುವುದಲ್ಲ ಎಂದು ಕೋಚ್ ವಿವರಿಸಿ, ಎರಡು ಕೈಗೂ ಡಂಬೆಲ್ ಕೊಟ್ಟರು.

ಹುಡುಗಿಗೆ ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ. ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳ ಅಮ್ಮ ಜಡೆ ಹೆಣೆದು, ಅದನ್ನು ಸುತ್ತಿ, ಈಜುಟೋಪಿಯನ್ನು ಎಳೆದು ಕೂರಿಸುತ್ತಿದ್ದಳು. ಭುಜ ಕೆಟ್ಟದ್ದು ಈ ಮುದ್ದಿನಿಂದ ಎಂದು ಕೋಚ್ ಅಭಿಪ್ರಾಯಪಟ್ಟರು.

ಕೊನೆಗೆ, ರಿಲೇಗೆ ಒಂದೇ ದಿನ ಉಳಿದಾಗ, ಹುಡುಗಿಯನ್ನೂ ಅಮ್ಮನನ್ನೂ ಕರೆಸಿಕೊಂಡು ಕೊಳದ ಮೇಲಿನ ಕೋಣೆಯಲ್ಲಿ ಸಭೆ ಸೇರಿತು. ಕ್ಲೋರಿನ್ ವಾಸನೆಗೆ ಎಲ್ಲರ ಕಣ್ಣಲ್ಲೂ ನೀರಿತ್ತು, ನೋಡಿದವರಿಗೆ ಕಾಳಜಿಯೆನಿಸುವಂತಿತ್ತು. ವೈದ್ಯಕೀಯ ವಿಷಯಕ್ಕೆ ಬಹುಮತ ಸಾಲದು, ಕೋಣೆಯಲ್ಲಿರುವ ಎಲ್ಲರ ಸರ್ವಾನುಮತವೇ ಬೇಕು ಎಂದು ಕಾರ್ಯದರ್ಶಿ ಓದಿ ಹೇಳಿದರು.

ಅಧ್ಯಕ್ಷರು ಮೃದುವಾಗಿ ಕೇಳಿದರು: “ಈ ಮಗು ನಾಳೆಗೇ ವಾಸಿಯಾಗಬೇಕು ಅನ್ನೋರೆಲ್ಲ ಕೈ ಎತ್ತಿ.”

ಕೋಚ್ ಕೈ ಮೊದಲು ಎದ್ದಿತು. ಫಿಸಿಯೋ ಸುತ್ತ ನೋಡಿ ಕಿವಿಯ ಮಟ್ಟಕ್ಕೆ ಎತ್ತಿದರು. ಮಗಳು ವಾಸಿಯಾಗುವುದು ಬೇಡವೆನ್ನುವ ತಾಯಿ ಯಾರು? ಅಮ್ಮನೂ ಎತ್ತಿದಳು. ಜಡೆಗೆ ಹಾಕಿ ಉಳಿದ ರಬ್ಬರ್ ಬ್ಯಾಂಡ್ ಇನ್ನೂ ಅವಳ ಮಣಿಕಟ್ಟಿನಲ್ಲಿತ್ತು. ವಾಸಿಯಾಗಿದೆ ಎಂದು ಕಾರ್ಯದರ್ಶಿ ಬರೆದುಕೊಂಡರು.

“ಆಗಬೇಕು ಅಂತ ತಾನೇ ನೀವು ಕೇಳಿದ್ದು?” ಎಂದಳು ಅಮ್ಮ.

“ಸಮಿತಿ ಆಗಬೇಕು ಅಂದ ಮೇಲೆ ಆಗದೆ ಎಲ್ಲಿ ಹೋಗುತ್ತೆ ತಾಯಿ?” ಎಂದರು ಅಧ್ಯಕ್ಷರು.

ಆಗ ಒಂದು ಕೈ ಕಡಿಮೆಯಿರುವುದು ಕಾರ್ಯದರ್ಶಿಯ ಗಮನಕ್ಕೆ ಬಂತು. ಮೂರನೇ ಲೇನಿನವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಎಡಗೈ ಎತ್ತೋಕಾಗಲ್ಲ ಅಂತ ನಮಗೆ ಗೊತ್ತಿಲ್ವೇನಮ್ಮ? ಬಲಗೈ ಎತ್ತು, ಸಾಕು” ಎಂದರು ಅಧ್ಯಕ್ಷರು. ಈ ಮಾತಿನಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ.

“ಬಲಗೈಗೆ ಏನೂ ಆಗಿಲ್ಲ ಸರ್” ಎಂದಳು. ಎತ್ತಲಿಲ್ಲ.

ತೊಡಕನ್ನು ಕಾರ್ಯದರ್ಶಿ ಬಿಡಿಸಿದರು. ಭುಜ ಆಗಲೇ ವಾಸಿಯಾಗಿರುವುದರಿಂದ ಅವಳು ಎಡಗೈಯನ್ನೇ ಎತ್ತಿದ್ದಾಳೆಂದು ಭಾವಿಸಲು ಅಡ್ಡಿಯಿಲ್ಲ. ಹಾಗೆಂದು ದಾಖಲಾಯಿತು. ಚಪ್ಪಾಳೆಯಾಯಿತು. ಫಿಸಿಯೋ ಅಭಿನಂದನೆ ಸ್ವೀಕರಿಸಿದರು.

ಅಧ್ಯಕ್ಷರು ರಿಲೇ ತಂಡದ ಹೊಸ ಟೋಪಿಯನ್ನು ಮುಂದೆ ಚಾಚಿ, “ಹಾಕ್ಕೊಂಡು ಇಳಿ ಮಗಳೇ, ಕೆಳಗೆ ತಂಡ ಕಾಯ್ತಿದೆ” ಎಂದರು. ಟೋಪಿ ಕಂಡೊಡನೆ ಅಮ್ಮ ಅಭ್ಯಾಸಬಲದಿಂದ ಎದ್ದು, ಅದನ್ನು ತೆಗೆದುಕೊಂಡು, ಎರಡು ಕೈಯಲ್ಲಿ ಅಗಲಿಸಿ ಹಿಡಿದಳು.

ಹುಡುಗಿ ಬಲಗೈ ಎತ್ತಿದಳು. ಅಮ್ಮನ ಕೈಯಿಂದ ಟೋಪಿ ತೆಗೆದು ಅಧ್ಯಕ್ಷರ ಮುಂದಿಟ್ಟಳು.

“ನಿಮ್ಮ ಎರಡೂ ಕೈ ಚೆನ್ನಾಗಿವೆ ಸರ್. ನೀವೇ ಹಾಕ್ಕೊಳ್ಳಿ. ಮೂರನೇ ಲೇನು ಖಾಲಿ ಇದೆ.”

ಆಮೇಲೆ ಸಭೆಯ ನಡುವೆ ಕುರ್ಚಿ ತಿರುಗಿಸಿ, ಅಮ್ಮನಿಗೆ ಬೆನ್ನು ಕೊಟ್ಟು ಕೂತಳು.

“ಜಡೆ ಬಿಚ್ಚಮ್ಮ. ನಾನು ಇಳಿಯಲ್ಲ.”