ಡ್ರಾಯಿಂಗ್ ಮೇಷ್ಟ್ರ ಡ್ರಾಯಿಂಗ್ ರೂಮು

ಇಪ್ಪತ್ತೆರಡು ವರ್ಷ ಮದ್ದೂರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ನೆಟ್ಟಗೆ ಗೆರೆ ಎಳೆಯುವುದನ್ನು ಕಲಿಸಿದವನು ನಾನು. ನನ್ನ ಸ್ವಂತ ಮನೆಯ ಮೇಲೆ ಎಳೆದ ಗೆರೆ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನು ಮಾತ್ರ ಯಾರ ಮುಂದೂ ಹೇಳಿಕೊಳ್ಳುವ ಹಾಗಿಲ್ಲ. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ. (ನೀವು ನಮ್ಮ ಬೀದಿಯವರಲ್ಲ ತಾನೆ?)

ಎಲ್ಲಕ್ಕೂ ಮೂಲ ಮಂಡ್ಯದ ಶ್ಯಾಮಣ್ಣ. ನನ್ನ ಜೊತೆ ಓದಿದವನು, ಈಗ ಅಲ್ಲಿ ಸೈನ್ಸ್ ಮೇಷ್ಟ್ರು. ಎಪ್ಪತ್ತಮೂರರಲ್ಲಿ ಹೊಸ ಬಡಾವಣೆಯಲ್ಲಿ ತಾರಸಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದ. ಮೊಸಾಯಿಕ್ ನೆಲ, ರೆಕ್ಸಿನ್ ಸೋಫಾ, ಶೋಕೇಸಿನಲ್ಲಿ ಪಿಂಗಾಣಿ ನಾಯಿ. ಇದು ನಮ್ಮ ಡ್ರಾಯಿಂಗ್ ರೂಮು ಎಂದು ತೋರಿಸಿದ. ಸೈನ್ಸ್ ಮೇಷ್ಟ್ರಿಗೆ ಡ್ರಾಯಿಂಗ್ ರೂಮು, ಡ್ರಾಯಿಂಗ್ ಮೇಷ್ಟ್ರಿಗೆ ಬರೀ ಜಗುಲಿ! ಈ ಅನ್ಯಾಯವನ್ನು ನೆನೆನೆನೆದು ಅವತ್ತು ನನಗೆ ಹೋಳಿಗೆ ಕೂಡ ಸೇರಲಿಲ್ಲ. ಮೂರೇ ಮೂರು ತಿಂದೆ.

ನಮ್ಮದು ತಾತನ ಕಾಲದ ನಾಡಹೆಂಚಿನ ಮನೆ. ಮುಂದೆ ಜಗುಲಿ, ನಡುವೆ ಹಗಲಲ್ಲೂ ದೀಪ ಬೇಡುವ ನಡುಮನೆ, ಕೊನೆಗೆ ಅಡಿಗೆಮನೆ. ಅಡಿಗೆಮನೆಯ ಹಿಂಬಾಗಿಲು ತೆಗೆದರೆ ಹಿತ್ತಲು, ಬಾವಿ, ಬಚ್ಚಲು. ಊರಿಗೆ ಬರುತ್ತಲೇ ನಾನು ಡ್ರಾಯಿಂಗ್ ಶೀಟು ಹರಡಿಕೊಂಡು ಕೂತೆ. ಜಗುಲಿ ಮಾಯ, ಅಲ್ಲಿ ಪೋರ್ಟಿಕೊ. ನಡುಮನೆಯೇ ಡ್ರಾಯಿಂಗ್ ರೂಮು. ಅದರ ಪಕ್ಕಕ್ಕೇ ನಲ್ಲಿ, ಶವರು ಇರುವ ಅಧುನಾತನ ಸ್ನಾನಗೃಹ. ಹಿತ್ತಲ ಬಚ್ಚಲು ನೆಲಸಮ. ಅಡಿಗೆಮನೆಯ ಹಿಂಬಾಗಿಲು ಮುಚ್ಚಿ ಆ ಗೋಡೆಗುಂಟ ಎದೆಮಟ್ಟ ಅನ್ನಬಹುದಾದ ಕಟ್ಟೆ, ನಿಂತೇ ಅಡಿಗೆ ಮಾಡುವುದಕ್ಕೆ. ನನ್ನ ಹೆಂಡತಿ ರಂಗನಾಯಕಿ ಒಮ್ಮೆ ಬಗ್ಗಿ ನೋಡಿದಳು, ಏನೂ ಅನ್ನದೆ ಒಳಗೆ ಹೋದಳು. ಮೌನಂ ಸಮ್ಮತಿ ಲಕ್ಷಣಂ ಅಂತ ಹಿರಿಯರು ಹೇಳಿಲ್ಲವೆ? (ಆ ಹಿರಿಯರು ಯಾರೂ ಮದುವೆಯಾದವರಲ್ಲ ಎಂದು ಈಗ ಅನ್ನಿಸುತ್ತದೆ.)

ಮನೆಯಲ್ಲಿ ಇನ್ನೊಬ್ಬರಿದ್ದರು. ನನ್ನ ಸೋದರತ್ತೆ ತಿರುಮಲಮ್ಮ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ತಾಯಿಯಿಲ್ಲದ ನನ್ನನ್ನೂ ನನ್ನ ತಮ್ಮ ರಾಮಾನುಜನನ್ನೂ ಎತ್ತಿ ಆಡಿಸಿ ಸಾಕಿದವರು. ಬೆಳಿಗ್ಗೆ ಬಚ್ಚಲಲ್ಲಿ ಸ್ನಾನ ಮಾಡಿ, ಮಡಿಸೀರೆ ಉಟ್ಟು, ಹಿಂಬಾಗಿಲಿನಿಂದ ಹತ್ತು ಹೆಜ್ಜೆ ಇಟ್ಟರೆ ಅಡಿಗೆಮನೆ. ಯಾರೂ ಎದುರು ಸಿಗುವುದಿಲ್ಲ, ಯಾರನ್ನೂ ಸೋಕುವ ಭಯವಿಲ್ಲ. ದೇವರ ನೈವೇದ್ಯದ ಅನ್ನ ಐವತ್ತು ವರ್ಷದಿಂದ ಅವರ ಕೈಯಲ್ಲೇ ಆಗಬೇಕು. ಅದೊಂದು ಕೆಲಸ ಬಿಟ್ಟರೆ ಈ ಲೋಕದಲ್ಲಿ ನನ್ನದು ಅಂತ ಅವರು ಹೇಳಿಕೊಂಡದ್ದು ಏನೂ ಇರಲಿಲ್ಲ.

ಸಿಮೆಂಟಿನ ಪರ್ಮಿಟ್ಟಿಗೆ ನಾಲ್ಕು ತಿಂಗಳು ಕಾದು ಕೆಲಸ ಶುರು ಮಾಡಿಸಿದೆ. ಗಾರೆ ಕೆಲಸದ ಪುಟ್ಟಮಾದಯ್ಯ ಹಿಂಬಾಗಿಲ ಮುಂದೆ ಇಟ್ಟಿಗೆ ಹಿಡಿದುಕೊಂಡು ನಿಂತೇಬಿಟ್ಟ.

"ಮೇಷ್ಟ್ರೆ, ಈ ಬಾಗ್ಲು ಮುಚ್ಬುಟ್ರೆ ಅಮ್ಮಾರು ಮಡಿ ಉಟ್ಕಂಡು ಎತ್ಲಾಗಿಂದ ಬತ್ತಾರೆ?"

"ಪ್ಲಾನ್ ನೋಡಿ ಕೆಲಸ ಮಾಡಪ್ಪ" ಎಂದೆ.

ಅವನು ಪ್ಲಾನು ನೋಡಿದ, ನನ್ನನ್ನು ನೋಡಿದ, ಇಟ್ಟಿಗೆ ಇಟ್ಟ.

ಗೃಹಪ್ರವೇಶದ ಮಾರನೆಯ ಬೆಳಿಗ್ಗೆ ನಮ್ಮ ಹೆಡ್‌ಮಾಸ್ಟರೂ ಶ್ಯಾಮಣ್ಣನೂ ಡ್ರಾಯಿಂಗ್ ರೂಮಿನ ಹೊಸ ಸೋಫಾವನ್ನು ಅಲಂಕರಿಸಿದ್ದರು. ಕಾಫಿ ಕೈಗೆ ಬಂದಿತ್ತು. ಸ್ನಾನಗೃಹದ ಬಾಗಿಲು ಒಂದು ಗೇಣು ತೆರೆಯಿತು. ಯಾರಿದ್ದೀರಿ ಅಲ್ಲಿ, ಸ್ವಲ್ಪ ಸರೀರಿ ಎಂದು ಒಳಗಿನಿಂದ ಅತ್ತೆಯ ದನಿ. ಆಗ ನೋಡಿ ನನ್ನ ತಲೆಗೆ ಹೊಳೆದದ್ದು! ಸ್ನಾನಗೃಹದಿಂದ ಅಡಿಗೆಮನೆಗೆ ಇರುವುದು ಒಂದೇ ದಾರಿ, ಅದು ಈ ಸೋಫಾದ ಮುಂದೆಯೇ. ಗಣ್ಯರಿಬ್ಬರೂ ಲೋಟ ಹಿಡಿದುಕೊಂಡು ಗೋಡೆಗೆ ಅಂಟಿ ನಿಂತರು. ಅತ್ತೆ ಸೀರೆ ಒತ್ತಿ ಹಿಡಿದು ಹೊರಟವರು ಸೋಫಾದ ಹತ್ತಿರ ನಿಂತರು.

"ಇದು ಚರ್ಮವೇನೋ ಪಾರ್ಥ?"

"ಅಲ್ಲ ಅತ್ತೆ, ರೆಕ್ಸಿನ್ನು."

"ಅದು ಯಾವ ಪ್ರಾಣಿ?"

ನಾನು ವಿವರಿಸುವಷ್ಟರಲ್ಲಿ ಹೆಡ್‌ಮಾಸ್ಟರು ಸೀನಿದರು, ಅವರ ಉತ್ತರೀಯದ ತುದಿ ಅತ್ತೆಗೆ ತಗುಲಿತು. ಅತ್ತೆ ಹಿಂತಿರುಗಿ ಇನ್ನೊಂದು ಸ್ನಾನ ಮಾಡಿದರು. ಎರಡನೆಯ ಸಲ ಪೇಪರು ಹಾಕುವವನು ಅಡ್ಡ ಬಂದ. ಮೂರು ಸ್ನಾನಗಳಾಗಿ ನಾವು ಊಟಕ್ಕೆ ಕೂತಾಗ ಎರಡು ಗಂಟೆ.

ಅಂದಿನಿಂದ ಡ್ರಾಯಿಂಗ್ ರೂಮಿನಲ್ಲಿ ಬೆಳಿಗ್ಗೆ ಏಳರಿಂದ ಎಂಟೂವರೆವರೆಗೆ ನಿಷೇಧಾಜ್ಞೆ ಜಾರಿಯಾಯಿತು. ಕೂರಲು ಜಗುಲಿಯೂ ಇಲ್ಲ, ಅದನ್ನು ನಾನೇ ಒಡೆಸಿದ್ದೆ. ಪೇಪರು ಹಿಡಿದು ಬೀದಿಯಲ್ಲಿ ನಿಂತಿರುತ್ತಿದ್ದೆ. ಹಾಲು ಹಾಕಲು ಬರುವ ಮರಿತಾಯಮ್ಮ ಒಂದು ವಾರ ನೋಡಿ, ಕೊನೆಗೆ ರಂಗನಾಯಕಿಯನ್ನು ಪಕ್ಕಕ್ಕೆ ಕರೆದು, ಗಂಡ ಹೆಂಡಿರ ನಡುವೆ ಏನಾದರೂ ಆಗಿದೆಯೆ ಎಂದು ವಿಚಾರಿಸಿದಳಂತೆ.

ನಾನು ಇಷ್ಟೊಂದು ನಗಿಸುವ ಹಾಗೆ ಹೇಳುತ್ತಿದ್ದೇನೆ. ಅವತ್ತು ನಗು ಇರಲಿಲ್ಲ. ತಿಂಗಳು ಕಳೆಯುವ ಹೊತ್ತಿಗೆ ಅತ್ತೆ ಅಡಿಗೆಮನೆಗೆ ಹೋಗುವುದನ್ನೇ ಬಿಟ್ಟರು. ನೈವೇದ್ಯ ರಂಗನಾಯಕಿ ಮಾಡಲಿ ಎಂದರು. ತಾವು ಅವಲಕ್ಕಿ, ಬಾಳೆಹಣ್ಣು ತಿಂದುಕೊಂಡು ಮೂಲೆಯಲ್ಲಿ ಕೂತಿರುತ್ತಿದ್ದರು. ಒಂದು ಭಾನುವಾರ ರಾಮಾನುಜನನ್ನು ಕರೆಸಿಕೊಂಡು, ಅವನ ಜೊತೆ ಶಿವನಸಮುದ್ರಕ್ಕೆ ಹೊರಟರು. ಅವನು ಅಲ್ಲಿ ವಿದ್ಯುತ್ ಕೇಂದ್ರದಲ್ಲಿ ಕೆಲಸದಲ್ಲಿದ್ದ.

"ನಿನ್ನ ಮನೆ ಚೆನ್ನಾಗಿದೆ ಕಣೋ" ಎಂದರು ಬಸ್ಸು ಹತ್ತುವಾಗ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಗೆ ಬಂದರೆ ರಂಗನಾಯಕಿ ಅಡಿಗೆಮನೆಯಲ್ಲಿ ಬೆನ್ನು ತಿರುಗಿಸಿ ಅಳುತ್ತಿದ್ದಳು. ಎರಡು ದಿನ ಹೇಗೋ ಕಳೆದು ಪುಟ್ಟಮಾದಯ್ಯನನ್ನು ಕರೆಸಿದೆ. ಹಿಂಬಾಗಿಲು ಮತ್ತೆ ತೆಗಿ ಎಂದೆ. ಅವನು ಮುಂಡಾಸು ಸರಿಮಾಡಿಕೊಂಡು, "ತಗೀತೀನಿ ಮೇಷ್ಟ್ರೆ, ಆದ್ರೆ..." ಎಂದು ಶುರು ಮಾಡಿದ. ಆದರೆ ಗೀದರೆ ಏನೂ ಬೇಡ, ಒಡೆ ಎಂದೆ. ಕಟ್ಟೆಯ ಅರ್ಧದೊಡನೆ ಗೋಡೆಯೂ ಹೋಯಿತು. ಬಾಗಿಲು ಕೂತಿತು. ನಾನು ಪ್ಲಾನನ್ನು ತಿದ್ದಿ, ಸುರುಳಿ ಸುತ್ತಿ, ಮಳವಳ್ಳಿ ಮೇಲಿಂದ ಹೋಗುವ ಬಸ್ಸು ಹತ್ತಿದೆ.

ರಾಮಾನುಜನದು ಎರಡು ಕೋಣೆಯ ಕ್ವಾರ್ಟರ್ಸು. ನಾನು ಹೋದಾಗ ಅತ್ತೆ ಆಗತಾನೆ ಸ್ನಾನ ಮುಗಿಸಿದ್ದರು. ಬಚ್ಚಲ ಬಾಗಿಲು ನೇರವಾಗಿ ಮುಂದಿನ ಕೋಣೆಗೇ! ಅಲ್ಲಿ ಇಬ್ಬರು ಮಕ್ಕಳು ಪುಸ್ತಕ ಹರಡಿಕೊಂಡು ಬಿದ್ದಿದ್ದರು. "ಸರೀರೋ ಮರಿ" ಎನ್ನುತ್ತಾ ಅತ್ತೆ ಅವರ ನಡುವೆ ದಾಟಿದರು. ಚಿಕ್ಕವನು ಸೆರಗು ಹಿಡಿದು ಎಳೆದ. ತಲೆಗೆ ಒಂದು ಮೊಟಕಿ ಹಾಗೇ ಅಡಿಗೆಮನೆಗೆ ಹೋಗಿ ಒಲೆ ಹಚ್ಚಿದರು. ನಾನು ಬಾಯಿ ಬಿಟ್ಟುಕೊಂಡು ನಿಂತೆ.

"ಅತ್ತೆ, ಇಲ್ಲಿ ಆಗುತ್ತೆ, ಅಲ್ಲಿ ಯಾಕೆ ಆಗಲಿಲ್ಲ?"

ಅವರು ಅಕ್ಕಿ ತೊಳೆಯುತ್ತಲೇ ಹೇಳಿದರು. "ಇದು ಸರ್ಕಾರದ ಮನೆ ಕಣೋ. ಸರ್ಕಾರ ನನ್ನ ಕೇಳಿ ಕಟ್ಟಿಸುತ್ತಾ? ಅದು ನನ್ನ ಮನೆ ಅಂದ್ಕೊಂಡಿದ್ದೆ. ನಿಮ್ಮಪ್ಪ ಗೋಡೆಗೆ ಒಂದು ಮೊಳೆ ಹೊಡೆಯೋಕೂ ನನ್ನ ಕೇಳೋನು."

ನಾನು ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿದೆ. ತಪ್ಪು ತಿದ್ದಿದ್ದೇನೆ, ಇಗೋ ನಿಮ್ಮ ಹಿಂಬಾಗಿಲು, ಮೊದಲಿದ್ದ ಜಾಗದಲ್ಲೇ ಇದೆ ಎಂದೆ. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಸರಿ. ಈ ಬಾಗಿಲಿಂದ ಒಳಗೆ ಬರ್ತೀನಿ. ಸ್ನಾನ ಎಲ್ಲಿ ಮಾಡಲಿ, ಬಾವಿಕಟ್ಟೆ ಮೇಲಾ?"

ಹಿತ್ತಲ ಬಚ್ಚಲು! ಅದನ್ನು ಒಡೆಸಿ ಕಲ್ಲನ್ನೂ ಸಾಗಿಸಿಬಿಟ್ಟಿದ್ದೆ. ಪುಟ್ಟಮಾದಯ್ಯ ಹೇಳಹೊರಟದ್ದು ಇದನ್ನೇ. ರಾಮಾನುಜನ ಮಕ್ಕಳು ಕಿಸಕ್ಕನೆ ನಕ್ಕರು. ಅತ್ತೆ ನಗಲಿಲ್ಲ, ಊಟ ಮಾಡಿಕೊಂಡು ಹೋಗು ಎಂದರು. ನಾನೊಬ್ಬನೇ ವಾಪಸು ಬಂದೆ.

ಆಮೇಲೆ ನನಗೂ ಬುದ್ಧಿ ಬಂತು ಅಂದುಕೊಳ್ಳಿ. ಅತ್ತೆಗೆ ವಿನಯಪೂರ್ವಕವಾಗಿ ಕಾಗದ ಬರೆದೆ. ಬಚ್ಚಲು ಯಾವ ಮೂಲೆಗೆ ಬರಬೇಕು, ಬಾಗಿಲು ಯಾವ ಕಡೆಗೆ, ಒಲೆ ಎಷ್ಟು ಎತ್ತರ, ಎಲ್ಲಾ ನೀವೇ ಹೇಳಬೇಕು, ನೀವು ಹೇಳುವವರೆಗೆ ಒಂದು ಇಟ್ಟಿಗೆಯನ್ನೂ ಮುಟ್ಟುವುದಿಲ್ಲ ಎಂದು ಮೂರು ಪುಟ. ವಾರಕ್ಕೆ ಉತ್ತರ ಬಂತು. ಕಾರ್ಡಿನಲ್ಲಿ ಒಂದೇ ಸಾಲು.

"ಮೊದಲು ರಂಗನಾಯಕೀನ ಕೇಳು."

ಮದುವೆಯಾಗಿ ಹದಿನೆಂಟು ವರ್ಷ. ಕೇಳಿರಲಿಲ್ಲ.

ಅಡಿಗೆಮನೆಗೆ ಹೋದೆ. ಅವಳು ಉಳಿದರ್ಧ ಕಟ್ಟೆಯ ಮುಂದೆ, ಕುಳ್ಳಗಿರುವವಳು, ಮಣೆ ಹಾಕಿಕೊಂಡು ಅದರ ಮೇಲೆ ನಿಂತು ಹುಳಿ ಕುದಿಸುತ್ತಿದ್ದಳು. ಆ ಮಣೆಯನ್ನು ನಾನು ನೋಡಿದ್ದೂ ಆಗಲೇ ಮೊದಲು. ಈ ಮನೆ ಹೇಗಿರಬೇಕು ಅಂತ ನಿನಗೆ ಅನ್ನಿಸುತ್ತೆ ಎಂದು ಕೇಳಿದೆ. ಅವಳು ಸೌಟು ಕೆಳಗಿಟ್ಟಳು, ಒಲೆ ಆರಿಸಿದಳು, ಮಣೆಯಿಂದ ಇಳಿದು ಅದರ ಮೇಲೇ ಕೂತುಕೊಂಡಳು.

"ಬರಕೊಳ್ಳಿ" ಎಂದಳು.

ಪೆನ್ಸಿಲು ತಂದೆ. ಅವಳು ಶುರು ಮಾಡಿದ್ದು ನೆನ್ನೆ ಬೆಳಿಗ್ಗೆ ಹತ್ತಕ್ಕೆ. ಇದುವರೆಗೆ ಅಡಿಗೆಮನೆ ಮಾತ್ರ ಮುಗಿದಿದೆ.