ಕಾಕಾನ ಮೂರನೇ ಗುಂಡಿ

ನಮ್ಮ ಕಾಕಾ ತೀರಿಕೊಳ್ಳುವ ಹಿಂದಿನ ದಿನ ಕುಕ್ಕರಿನ ಜೊತೆ ಜಗಳವಾಡಿದ್ದರು. ನಗಬೇಡಿ, ತಪ್ಪು ಕುಕ್ಕರಿನದೇ! ಅಥಣಿ ರಸ್ತೆಯ ಮನೆಯಲ್ಲಿ ಅವರು ಕಾಲುಪೇಟಿ ನುಡಿಸುತ್ತಿದ್ದರು. ಕಾಲಿನಿಂದ ಗಾಳಿ ತುಳಿಯುತ್ತ ಕೈಯಿಂದ ಬಾರಿಸುವ ದೊಡ್ಡ ಹಾರ್ಮೋನಿಯಂ ಅದು. ದನಿ ಸಣ್ಣಗಾಗುವ ಹೊತ್ತಿಗೆ ಸರಿಯಾಗಿ ಕುಕ್ಕರು ಸೀಟಿ ಹೊಡೆಯಿತು.

“ಅದಕ್ಕ ಹೇಳು, ಇಲ್ಲಿ ಮೆಲ್ಲಕ ಬರಬೇಕು!” ಎಂದು ಕಾಕಾ ಕೂಗಿದರು.

“ಹಂಗಾರ ರಾತ್ರಿ ಪೇಟೀನ ಉಣ್ರಿ,” ಎಂದರು ಅವರ ಹೆಂಡತಿ, ನಮ್ಮ ಕಾಕು.

ಮೊದಲು ಕಾಕಾ ಎಲ್ಲರಂತೆ ಭಜನೆಗೆ ಪೇಟಿ ಬಾರಿಸಿಕೊಂಡಿದ್ದವರು. ನಿವೃತ್ತಿಯಾದ ಮೇಲೆ ಫೋನಿನಲ್ಲಿ ಯುರೋಪಿನ ಚರ್ಚುಗಳ ಆರ್ಗನ್ ಕಂಡಿತು. ಮುಗಿಯಿತಲ್ಲ! ಅದರಲ್ಲೂ ಹತ್ತೊಂಬತ್ತನೇ ಶತಮಾನದ, ಭಾವವೇ ಮುಖ್ಯವಾದ ರೊಮ್ಯಾಂಟಿಕ್ ಸಂಗೀತವೇ ಆಗಬೇಕು. ಗೋಡೆ ತುಂಬ ಕೊಳವೆ, ಸಾಲು ಸಾಲು ಗುಂಡಿ. ಒಂದನ್ನು ಎಳೆದರೆ ಕೊಳಲು, ಇನ್ನೊಂದನ್ನು ಎಳೆದರೆ ಕಹಳೆ. ಒಂದೊಂದಾಗಿ ಸೇರಿಸುತ್ತ ಪಿಸುಮಾತನ್ನು ಗುಡುಗಿನ ತನಕ ಏರಿಸುತ್ತಾರಂತೆ.

“ಸ್ವರ ಯಾರರೆ ಬಾರಸ್ತಾರ. ಯಾವ ಗುಂಡಿ ಯಾವಾಗ ಎಳೀಬೇಕು ಅನ್ನೂದೈತಲ್ಲ, ಅದು ಭಾವ! ಪುಸ್ತಕ ನೋಡಿ ಎಳ್ಯೂದಲ್ಲ, ಕಿವಿಗೊಟ್ಟು ಎಳ್ಯೂದು!” ಎನ್ನುತ್ತಿದ್ದರು ಕಾಕಾ.

ನಮ್ಮ ಪೇಟಿಗಿದ್ದದ್ದು ನಾಲ್ಕೇ ಗುಂಡಿ. ಸಾಲದೇ?

ಕಳ್ಳಕವಟಗಿಯಲ್ಲಿ ಬೀಗರ ಕೂಸಿಗೆ ಹೆಸರಿಡುವ ದಿನ ಟೆಂಪೋದಲ್ಲಿ ಪೇಟಿ ಹೊತ್ತು ಹೋದೆವು. ಕಾಕಾ ಜೋಗುಳ ಶುರುಮಾಡಿದರು. ಒಂದೇ ಗುಂಡಿ, ಬೆಣ್ಣೆಯಂಥ ದನಿ. ಕೂಸು ಮಲಗಿತು. ಅಲ್ಲಿಗೆ ನಿಲ್ಲಿಸಬೇಕೋ ಬೇಡವೋ? “ಇಲ್ಲಿ ಭಾವ ಏರಬೇಕು!” ಎಂದವರೇ ಉಳಿದ ಗುಂಡಿಗಳನ್ನೂ ಎಳೆದರು. ಕೂಸು ಕಿಟಾರನೆ ಚೀರಿತು. ಹಿತ್ತಲಿನ ಎಮ್ಮೆ ಹಗ್ಗ ಹರಿದುಕೊಂಡು ಓಡಿತು.

“ಯಪ್ಪಾ, ಜೋಗುಳ ಹಾಡಾಕತ್ತೀಯೋ, ಬಸ್ ಬಿಡಾಕತ್ತೀಯೋ?” ಎಂದಳು ಕೂಸಿನ ಅಜ್ಜಿ. ಎಮ್ಮೆ ಹುಡುಕಲು ಕಾಕಾನೇ ಹೋಗಬೇಕಾಯಿತು.

ಕಾಕುಗೆ ಸೇರುತ್ತಿದ್ದದ್ದು ಮೂರನೇ ಗುಂಡಿ ಮಾತ್ರ. ಅದನ್ನು ಎಳೆದರೆ ದೂರದಲ್ಲಿ ಯಾರೋ ತಮ್ಮಷ್ಟಕ್ಕೆ ಗುನುಗಿದಂಥ ದನಿ. ಎಳೆದಾಗಲೆಲ್ಲ ಕಾಕಾ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದರು. ಭಾವ ಹೆಚ್ಚಾಗಿದೆ ಎಂದುಕೊಳ್ಳುತ್ತಿದ್ದೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತುಬಿಡುತ್ತಿತ್ತು. ಆಮೇಲೆ ಸೀದ ವಾಸನೆಯೊಂದಿಗೆ ಕಾಕುವಿನ ಮಾತೂ ಬರುತ್ತಿತ್ತು: “ಅದೊಂದು ಇಟಗೊಂಡು ಉಳದದ್ದು ಗುಜರಿಗೆ ಹಾಕ್ರಿ!”

ಕುಕ್ಕರಿನ ಜಗಳದ ಮರುದಿನ, ಚಹಾ ಕುಡಿಯುತ್ತ ಕುಳಿತಲ್ಲೇ ಕಾಕಾ ಹೋದರು.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ ಕಾಕು ಪೇಟಿಯ ಹತ್ತಿರ ಬಂದು ಕುಳಿತರು. “ತಮ್ಮಾ, ಆ ಮೂರನೇದು ಎಳಿ.”

ಎಳೆದು ತುಳಿದೆ. ಬರೀ ಗಾಳಿಯ ಸದ್ದು. ಮುಚ್ಚಳ ತೆಗೆದು ನೋಡಿದೆ. ಆ ಗುಂಡಿಯ ಸಾಲಿನಲ್ಲಿ ದನಿ ಹೊರಡಿಸುವ ಹಿತ್ತಾಳೆ ಪಟ್ಟಿಗಳೇ ಇರಲಿಲ್ಲ. ಖಾಲಿ ಗೂಡುಗಳಲ್ಲಿ ಜೇಡ ಬಲೆ ಕಟ್ಟಿತ್ತು.

“ಕಾಕು, ಇದರಾಗ ಏನೂ ಇಲ್ಲ!”

“ಗೊತ್ತೈತಿ. ತಂದಾಗಿಂದನೂ ಇಲ್ಲ. ಗುಂಡಿ ಎಳದು ನಿಮ್ಮ ಕಾಕಾ ತಾವ ಗುನಗತಿದ್ರು.”

“ಮತ್ತ ಎಳಿ ಅಂದ್ರಿ?”

“ಇನ್ನೊಮ್ಮೆ ಎಳಿಯೋ.”

ಎಳೆದೆ. ಮೆಲ್ಲಗೆ ತುಳಿದೆ. ಗಾಳಿ ಬಂತು. ದನಿ ಬರಲಿಲ್ಲ.